ವಾರಾನ್ನದಿಂದ ವಿದ್ಯಾರ್ಥಿನಿಲಯಕ್ಕೆ

ಮೈಸೂರು ಸಂಸ್ಥಾನದ ವಿದ್ಯಾಭ್ಯಾಸದ ಚರಿತ್ರೆಯನ್ನು ಹೇಳುವವರು ಸಾಮಾನ್ಯವಾಗಿ ಕಾಲೇಜುಗಳು ಸ್ಥಾಪನೆಯಾದ ವರ್ಷಗಳನ್ನೂ ದಿವಾನರ ಆಜ್ಞೆಗಳನ್ನೂ ವಿವರಿಸಿ ಮುಗಿಸುವರು. ಹಳ್ಳಿಯಿಂದ ಬಂದ ಹುಡುಗನು ಎಲ್ಲಿ ಉಂಡನು, ಎಲ್ಲಿ ಮಲಗಿದನು ಎಂಬ ಮಾತು ಅಲ್ಲಿ ಬರುವುದು ಅಪರೂಪ. ಆದರೆ ಅವನ ವಿದ್ಯೆಯ ಆಸೆ, ಉದ್ಯೋಗದ ಆಸೆ, ಪಟ್ಟಣವಾಸದ ಆಸೆ, ಈ ಮೂರೂ ನಿಂತಿದ್ದುದು ಈ ಎರಡು ಪ್ರಶ್ನೆಗಳ ಮೇಲೆಯೇ. ಇಂದು ನಾವು ಆ ಕಡೆಯಿಂದಲೇ ವಿಷಯವನ್ನು ನೋಡೋಣ.

ಪ್ರಾಥಮಿಕ ವಿದ್ಯಾಭ್ಯಾಸವನ್ನು ಆಯ್ದ ಸ್ಥಳಗಳಲ್ಲಿ ಕಡ್ಡಾಯಗೊಳಿಸುವ ಕಾನೂನು ಸಂಸ್ಥಾನದಲ್ಲಿ 1913ರಲ್ಲಿ ಬಂದಿತು. 1916ರಲ್ಲಿ ವಿಶ್ವವಿದ್ಯಾನಿಲಯವೂ ಆಯಿತು. ಆದರೆ ಆಗ ಪದವಿಯ ತರಗತಿಗಳು ನಡೆಯುತ್ತಿದ್ದುದು ಮೈಸೂರು, ಬೆಂಗಳೂರು ನಗರಗಳಲ್ಲಿ ಮಾತ್ರ. ಹೈಸ್ಕೂಲು ಸಹ ಬಹುಮಂದಿಗೆ ಪರಸ್ಥಳದ್ದೇ. ಆದುದರಿಂದ ಬುದ್ಧಿವಂತನಾದ ಬಾಲಕನು ಹನ್ನೆರಡು ಹದಿಮೂರರ ವಯಸ್ಸಿಗೇ ಮನೆಯನ್ನು ಬಿಡಬೇಕಾಗಿದ್ದಿತು. ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು ಚಿಕ್ಕಬಳ್ಳಾಪುರದಲ್ಲಿ ಓದಿ ಬೆಂಗಳೂರಿಗೆ ಬಂದು, ಮಕ್ಕಳಿಗೆ ಮನೆಪಾಠ ಹೇಳಿ ಜೀವಿಸುತ್ತ 1881ರಲ್ಲಿ ಬಿ.ಎ. ಮುಗಿಸಿದರು. ಸಂಸ್ಥಾನದ ವಿದ್ಯಾರ್ಥಿವೇತನವು ಅವರನ್ನು ಪುಣೆಯ ವಿಜ್ಞಾನ ಕಾಲೇಜಿಗೆ ಮುಟ್ಟಿಸಿತು. ಅವರಿಗೆ ಒದಗಿದ ಅನುಕೂಲವು ಎಲ್ಲರಿಗೂ ಒದಗುವಂಥದಲ್ಲ.

ಮಿಕ್ಕ ಬಡವರ ಮಕ್ಕಳನ್ನು ಕಾದುದು ವಾರಾನ್ನ. ಸೋಮವಾರ ಒಬ್ಬ ಗೃಹಸ್ಥರಲ್ಲಿ ಊಟ, ಮಂಗಳವಾರ ಇನ್ನೊಬ್ಬರಲ್ಲಿ. ಹೀಗೆ ಏಳು ಮನೆಗಳನ್ನು ಗೊತ್ತುಮಾಡಿಕೊಂಡವನು ಭಾಗ್ಯಶಾಲಿ. ಐದೇ ಮನೆ ಸಿಕ್ಕಿದವನಿಗೆ ಎರಡು ದಿನ ಉಪವಾಸವೇ ಗತಿ. ಎಷ್ಟೋ ಮಂದಿ ಉಪಾಧ್ಯಾಯರೂ ವಕೀಲರೂ ಅಮಲ್ದಾರರೂ ಈ ಅನ್ನದಿಂದ ಬೆಳೆದವರು. ಕೊಟ್ಟವರ ಔದಾರ್ಯವನ್ನು ನಾವು ಮರೆಯಲಾಗದು. ಅದರ ಮೇರೆಯನ್ನೂ ಮರೆಯಲಾಗದು. ವಾರಾನ್ನವು ಬಹುಮಟ್ಟಿಗೆ ಬ್ರಾಹ್ಮಣ ಗೃಹಸ್ಥರು ಬ್ರಾಹ್ಮಣ ವಟುಗಳಿಗೆ ಇಡುತ್ತಿದ್ದುದು. ಪಂಕ್ತಿಭೇದವಿದ್ದ ಕಾಲದಲ್ಲಿ ಒಕ್ಕಲಿಗರ, ಕುರುಬರ, ಬೇಡರ ಹುಡುಗನು ಯಾರ ಮನೆಯ ಬಾಗಿಲಲ್ಲಿ ನಿಲ್ಲಬೇಕು? ಅಸ್ಪೃಶ್ಯರೆನಿಸಿಕೊಂಡವರ ಮಗುವಿಗೆ ಊಟದ ಮಾತಿರಲಿ, ಶಾಲೆಯ ಜಗುಲಿಯೇ ದೂರವಾಗಿದ್ದಿತು. ಹೆಣ್ಣುಮಕ್ಕಳಿಗೋ, ಊರು ಬಿಟ್ಟು ಓದುವ ಯೋಚನೆಗೇ ಅವಕಾಶವಿರಲಿಲ್ಲ.

ಈ ಕೊರತೆಯನ್ನು ತುಂಬಲು ವಿದ್ಯಾರ್ಥಿನಿಲಯಗಳು ಹುಟ್ಟಿದುವು. ಗುಬ್ಬಿ ತೋಟದಪ್ಪನವರು ಬೆಂಗಳೂರಿನ ರೈಲ್ವೆ ನಿಲ್ದಾಣದ ಬಳಿ ಕಟ್ಟಿಸಿದ ಧರ್ಮಛತ್ರವು 1903ರಲ್ಲಿ ತೆರೆಯಿತು. ಅವರ ದತ್ತಿಯಿಂದ ವಿದ್ಯಾರ್ಥಿಗಳಿಗೂ ಆಶ್ರಯ ದೊರೆಯಿತು. 1906ರಲ್ಲಿ ಒಕ್ಕಲಿಗರ ಸಂಘವು ಏರ್ಪಟ್ಟಿತು. ತುಮಕೂರಿನ ಸಿದ್ಧಗಂಗೆಯಂಥ ಮಠಗಳು ಅನ್ನದಾನದೊಡನೆ ವಿದ್ಯಾದಾನವನ್ನೂ ಕೈಕೊಂಡುವು. ಸರ್ಕಾರದ ಹುದ್ದೆಗಳಲ್ಲಿ ತಮಗೆ ಪಾಲಿಲ್ಲವೆಂದು ಹಿಂದುಳಿದ ಜನಾಂಗಗಳ ಮುಖಂಡರು ಅರಿಕೆ ಮಾಡಿಕೊಂಡುದರಿಂದ, 1918ರಲ್ಲಿ ನ್ಯಾಯಾಧೀಶ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯೊಂದು ನೇಮಕವಾಯಿತು. ಏಳು ವರ್ಷಗಳೊಳಗಾಗಿ ಮೇಲಣ ಹುದ್ದೆಗಳಲ್ಲಿ ಅರ್ಧವೂ ಕೆಳಗಣ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲೂ ಈ ಜನಾಂಗಗಳಿಗೆ ಸಲ್ಲಬೇಕೆಂದು ಅದು ಸೂಚಿಸಿತು. ಈ ಜನರಲ್ಲಿ ಬಹುಭಾಗ ಹಳ್ಳಿಯವರು. ಓದಿದರೆ ಉದ್ಯೋಗವುಂಟೆಂಬ ಭರವಸೆಯು ಅವರ ಮನೆಗಳಿಗೆ ಮೊದಲು ಮುಟ್ಟಿದುದು ಆಗ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಉದ್ಯೋಗವೆಂದರೆ ಸರ್ಕಾರದ ನೌಕರಿ. ಅದು ಇದ್ದುದು ಕಚೇರಿಗಳಿದ್ದ ಊರುಗಳಲ್ಲಿ. ಹೆಬ್ಬಾಳದಲ್ಲಿ ಬೇಸಾಯದ ಶಾಲೆ 1913ರಲ್ಲಿಯೇ ಆರಂಭವಾದರೂ, ಅಲ್ಲಿ ಬೇಸಾಯದ ಕಾಲೇಜು ಆದುದು 1946ರಲ್ಲಿ. ಬೇಸಾಯದ ನಾಡಿನಲ್ಲಿ ಬೇಸಾಯಕ್ಕೆ ಪದವಿಯ ಗೌರವ ಬರಲು ವಿಶ್ವವಿದ್ಯಾನಿಲಯ ಹುಟ್ಟಿದ ಮೇಲೆ ಮೂವತ್ತು ವರ್ಷ ಹಿಡಿಯಿತು! ಹೀಗಿರುವಲ್ಲಿ ಓದಿದ ಮಗನು ಹೊಲಕ್ಕೆ ಹಿಂದಿರುಗಲಿಲ್ಲವೆಂದು ದೂರುವುದು ನ್ಯಾಯವಲ್ಲ. ಓದುವುದೆಂದರೆ ಊರು ಬಿಡುವುದು ಎಂಬ ಅರ್ಥವನ್ನು ಕಲಿಸಿದುದು ಅವನ ಪಾಠಶಾಲೆಯೇ. ತಂದೆತಾಯಿಗಳು ದುಡಿಯುವ ಎರಡು ಕೈಗಳನ್ನು ಕಳೆದುಕೊಂಡು ಬದಲಿಗೆ ತಿಂಗಳಿಗೊಂದು ಕಾಗದವನ್ನು ಪಡೆದರು.

ಬಿಟ್ಟ ಊರಿನ ಋಣವನ್ನು ಒಬ್ಬೊಬ್ಬರು ಒಂದೊಂದು ರೀತಿಯಲ್ಲಿ ತೀರಿಸಿದರು. ಮಲೆನಾಡಿನ ಕುಪ್ಪಳಿಯಿಂದ ಮೈಸೂರಿಗೆ ಬಂದ ಕುವೆಂಪು ಅವರು ಶ್ರೀ ರಾಮಕೃಷ್ಣಾಶ್ರಮದಲ್ಲಿ ವಾಸಮಾಡಿ, 1929ರಲ್ಲಿ ಎಂ.ಎ. ಮುಗಿಸಿ, ಅಧ್ಯಾಪಕರಾಗಿ, 1956ರಲ್ಲಿ ಕುಲಪತಿಗಳಾದರು. ಮನೆ ಕಟ್ಟಿದುದು ಒಂಟಿಕೊಪ್ಪಲಿನಲ್ಲಿ, ಬರೆದುದು ಮಲೆನಾಡನ್ನು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನ ಎಚ್. ನರಸಿಂಹಯ್ಯನವರು 1935ರಲ್ಲಿ ಹೈಸ್ಕೂಲು ಸೇರಲು ಬೆಂಗಳೂರಿಗೆ ಕಾಲ್ನಡಿಗೆಯಲ್ಲಿಯೇ ಬಂದರು. ಮುಂದೆ ಅಮೆರಿಕದಲ್ಲಿ ಡಾಕ್ಟರೇಟ್ ಪಡೆದು, 1972ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಕುಲಪತಿಗಳಾದರೂ, ನ್ಯಾಷನಲ್ ಕಾಲೇಜಿನ ವಿದ್ಯಾರ್ಥಿನಿಲಯದ ಕೊಠಡಿಯೇ ಅವರ ವಾಸಸ್ಥಳವಾಗಿ ಉಳಿಯಿತು. ಅವರು ತಮ್ಮ ಹೊಸೂರಿಗೆ ಹೈಸ್ಕೂಲನ್ನೂ ಗೌರಿಬಿದನೂರು, ಬಾಗೇಪಲ್ಲಿಗಳಿಗೆ ಕಾಲೇಜುಗಳನ್ನೂ ತಂದರು. ತಾವು ನಡೆದ ದಾರಿಯನ್ನು ಇನ್ನೊಬ್ಬ ಬಾಲಕನು ನಡೆಯಬೇಕಾಗದಿರಲಿ ಎಂಬುದಕ್ಕೆ ಇದಕ್ಕಿಂತ ನೇರವಾದ ಉಪಾಯವಿಲ್ಲ.

ಹುಡುಗನನ್ನು ಶಾಲೆಯ ಬಳಿಗೆ ಕರೆತರುವುದು ಹೇಗೆ ಎಂಬ ಪ್ರಶ್ನೆಗೆ ವಾರಾನ್ನವೂ ವಿದ್ಯಾರ್ಥಿನಿಲಯವೂ ಉತ್ತರ ಕೊಟ್ಟುವು. ಕಲಿತವನಿಗೆ ಅವನ ಊರಿನಲ್ಲಿಯೇ ತಕ್ಕ ಕೆಲಸವನ್ನೂ ಮರ್ಯಾದೆಯ ಬಾಳನ್ನೂ ಒದಗಿಸುವುದು ಹೇಗೆ ಎಂಬ ಪ್ರಶ್ನೆಯನ್ನು ಸಂಸ್ಥಾನವು ನಮ್ಮ ಕಾಲಕ್ಕೆ ಬಿಟ್ಟುಹೋಯಿತು. ಅದಕ್ಕೆ ಉತ್ತರ ಹೇಳುವ ಹೊಣೆ ಈಗ ನಮ್ಮದು.