ಕೆಪಿಎಲ್: ದಶಕದಲ್ಲೇ ತೆರೆ ಕಂಡ ರಾಜ್ಯದ ಕ್ರಿಕೆಟ್ ಲೀಗ್

ಕರ್ನಾಟಕ ಪ್ರೀಮಿಯರ್ ಲೀಗ್ (ಕೆಪಿಎಲ್) ರಾಜ್ಯ ಮಟ್ಟದ ಟ್ವೆಂಟಿ-20 ಕ್ರಿಕೆಟ್ ಪಂದ್ಯಾವಳಿಯಾಗಿತ್ತು. ಐಪಿಎಲ್ ಆರಂಭವಾದ ಮರುವರ್ಷ, ಅಂದರೆ 2009ರಲ್ಲಿ ಕರ್ನಾಟಕ ರಾಜ್ಯ ಕ್ರಿಕೆಟ್ ಸಂಸ್ಥೆ (ಕೆಎಸ್‌ಸಿಎ) ಇದಕ್ಕೆ ಚಾಲನೆ ನೀಡಿತು. ನಡುವೆ ಸ್ಥಗಿತಗೊಂಡು 2014ರಲ್ಲಿ ಮತ್ತೆ ಆರಂಭವಾದ ಲೀಗ್, 2019ರ ಆವೃತ್ತಿಯೊಂದಿಗೆ ಕೊನೆಗೊಂಡಿತು.

ತಂಡಗಳು

ಖಾಸಗಿ ಮಾಲೀಕರು ತಂಡಗಳನ್ನು ಕೊಂಡು, ಹರಾಜಿನಲ್ಲಿ ಆಟಗಾರರನ್ನು ಆರಿಸಿಕೊಳ್ಳುತ್ತಿದ್ದರು. ಕೊನೆಯ ಆವೃತ್ತಿಯಲ್ಲಿ ಬಳ್ಳಾರಿ ಟಸ್ಕರ್ಸ್, ಬೆಳಗಾವಿ ಪ್ಯಾಂಥರ್ಸ್, ಬೆಂಗಳೂರು ಬ್ಲಾಸ್ಟರ್ಸ್, ಬಿಜಾಪುರ ಬುಲ್ಸ್, ಹುಬ್ಳಿ ಟೈಗರ್ಸ್, ಮೈಸೂರು ವಾರಿಯರ್ಸ್ ಹಾಗೂ ಶಿವಮೊಗ್ಗ ಲಯನ್ಸ್ ಎಂಬ ಏಳು ತಂಡಗಳಿದ್ದವು. ಕೆಎಸ್‌ಸಿಎಯ ಒಂದು ವಲಯ ಕೇಂದ್ರವಾದ ತುಮಕೂರಿನ ಹೆಸರಿನಲ್ಲಿ ತಂಡವಿರಲಿಲ್ಲ. ಇಲ್ಲಿನ ಆಟಗಾರರು ಬೇರೆ ಊರಿನ ಹೆಸರು ಹೊತ್ತ ತಂಡಗಳಲ್ಲೇ ಸ್ಥಾನ ಹುಡುಕಬೇಕಿತ್ತು.

ಅವಕಾಶದ ಬಾಗಿಲು

ರಣಜಿ ತಂಡದಲ್ಲಿ ಸ್ಥಾನ ಸಿಗದವರಿಗೂ ಐಪಿಎಲ್ ತಂಡಗಳ ಕಣ್ಣಿಗೆ ಬೀಳುವ ಅವಕಾಶವನ್ನು ಕೆಪಿಎಲ್ ಒದಗಿಸಿತು. ಕೊಡಗಿನ ಲೆಗ್‌ಸ್ಪಿನ್ನರ್ ಕೆ.ಸಿ. ಕಾರ್ಯಪ್ಪ ಇದಕ್ಕೆ ಉತ್ತಮ ನಿದರ್ಶನ. ಬಿಜಾಪುರ ಬುಲ್ಸ್ ಪರ ಮಿಂಚಿದ್ದ ಅವರನ್ನು 2015ರ ಐಪಿಎಲ್ ಹರಾಜಿನಲ್ಲಿ ಕೋಲ್ಕತ್ತ ನೈಟ್ ರೈಡರ್ಸ್ 2.4 ಕೋಟಿ ರೂಪಾಯಿಗೆ ಖರೀದಿಸಿತು. ಅವರ ಮೂಲ ಬೆಲೆ ಇದ್ದುದು 10 ಲಕ್ಷ ರೂಪಾಯಿ. ಆ ಹೊತ್ತಿಗೆ ಅವರು ಒಂದೂ ಪ್ರಥಮ ದರ್ಜೆ ಪಂದ್ಯ ಆಡಿರಲಿಲ್ಲ.

2019ರ ಆಗಸ್ಟ್‌ನಲ್ಲಿ ಶಿವಮೊಗ್ಗ ವಿರುದ್ಧ ಬಳ್ಳಾರಿಯ ಕೆ. ಗೌತಮ್ 56 ಎಸೆತಗಳಲ್ಲಿ ಅಜೇಯ 134 ರನ್ ಗಳಿಸಿ, ಬಳಿಕ 15 ರನ್‌ಗೆ 8 ವಿಕೆಟ್ ಕಬಳಿಸಿದರು. ಆದರೆ ಕೆಪಿಎಲ್‌ಗೆ ಅಧಿಕೃತ ಟ್ವೆಂಟಿ-20 ಮಾನ್ಯತೆ ಇಲ್ಲದ ಕಾರಣ ಈ ಸಾಧನೆ ದಾಖಲೆ ಪುಸ್ತಕ ಸೇರಲಿಲ್ಲ.

ಹಗರಣದ ನೆರಳು

ಅದೇ ಆಗಸ್ಟ್ 31ರಂದು ಮೈಸೂರಿನಲ್ಲಿ ನಡೆದ ಫೈನಲ್‌ನಲ್ಲಿ ಹುಬ್ಳಿ ತಂಡ ಬಳ್ಳಾರಿಯನ್ನು 8 ರನ್‌ಗಳಿಂದ ಸೋಲಿಸಿತು. ಕೆಲವೇ ವಾರಗಳಲ್ಲಿ ಬೆಂಗಳೂರಿನ ಕೇಂದ್ರ ಅಪರಾಧ ವಿಭಾಗದ ಪೊಲೀಸರು ಬೆಟ್ಟಿಂಗ್ ಆರೋಪದಡಿ ಬೆಳಗಾವಿ ತಂಡದ ಮಾಲೀಕರನ್ನು ಬಂಧಿಸಿದರು. ಫೈನಲ್‌ನಲ್ಲಿ ನಿಧಾನವಾಗಿ ಆಡಲು ಹಣ ಪಡೆದ ಆರೋಪದ ಮೇಲೆ ಬಳ್ಳಾರಿಯ ಇಬ್ಬರು ಆಟಗಾರರು ನವೆಂಬರ್‌ನಲ್ಲಿ ಬಂಧನಕ್ಕೊಳಗಾದರು. ಲೀಗ್ ಮತ್ತೆ ನಡೆಯಲಿಲ್ಲ.

2022ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್, ಈ ಮಾಲೀಕರು ಮತ್ತು ಇಬ್ಬರು ಆಟಗಾರರೂ ಸೇರಿದಂತೆ ಅರ್ಜಿದಾರರ ವಿರುದ್ಧದ ಪ್ರಕರಣವನ್ನು ರದ್ದುಪಡಿಸಿತು. ಮ್ಯಾಚ್ ಫಿಕ್ಸಿಂಗ್ ಭಾರತೀಯ ದಂಡ ಸಂಹಿತೆಯ 420ನೇ ಕಲಮಿನಡಿ ವಂಚನೆಯಾಗದು, ಶಿಸ್ತುಕ್ರಮ ಕೈಗೊಳ್ಳುವ ಅಧಿಕಾರ ಕ್ರಿಕೆಟ್ ಮಂಡಳಿಗಿದೆ ಎಂಬುದು ನ್ಯಾಯಾಲಯದ ಅಭಿಪ್ರಾಯವಾಗಿತ್ತು. ಈ ಆದೇಶದ ವಿರುದ್ಧ ಸರ್ಕಾರ ಸುಪ್ರೀಂ ಕೋರ್ಟ್ ಮೆಟ್ಟಿಲೇರಿತು. ಫಿಕ್ಸಿಂಗ್ ತಡೆಗೆ ಪ್ರತ್ಯೇಕ ಕಾನೂನು ಇಲ್ಲದಿರುವ ಕೊರತೆಯನ್ನು ಈ ಪ್ರಕರಣ ಬಯಲಿಗೆಳೆಯಿತು.

ನಂತರದ ಬೆಳವಣಿಗೆ

2022ರ ಆಗಸ್ಟ್‌ನಲ್ಲಿ ಕೆಎಸ್‌ಸಿಎ ಆರು ತಂಡಗಳ ಮಹಾರಾಜ ಟ್ರೋಫಿಯನ್ನು ಆರಂಭಿಸಿತು. ಸಂಸ್ಥೆಯ ಅಧ್ಯಕ್ಷರಾಗಿದ್ದ ದಿವಂಗತ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ಅವರ ಸ್ಮರಣಾರ್ಥ ಈ ಹೆಸರಿಡಲಾಯಿತು. ಮೊದಲ ಪ್ರಶಸ್ತಿ ಗುಲ್ಬರ್ಗ ಮಿಸ್ಟಿಕ್ಸ್ ಪಾಲಾಯಿತು. ಆದರೆ ಆಟಗಾರರ ವೃತ್ತಿಜೀವನದಲ್ಲಿ ಮೂರು ವರ್ಷಗಳ ಅಂತರ ಸಣ್ಣದೇನಲ್ಲ. ಆರೋಪಕ್ಕೂ ತಮಗೂ ಸಂಬಂಧವೇ ಇಲ್ಲದ ಜಿಲ್ಲೆಗಳ ಯುವಕರು ಆ ಅವಧಿಯಲ್ಲಿ ತಮಗಿದ್ದ ವೇದಿಕೆಯನ್ನು ಕಳೆದುಕೊಂಡಿದ್ದರು.

ವಿಜೇತರು (2014ರಿಂದ)

2014: ಮೈಸೂರು
2015: ಬಿಜಾಪುರ
2016: ಬಳ್ಳಾರಿ
2017: ಬೆಳಗಾವಿ
2018: ಬಿಜಾಪುರ
2019: ಹುಬ್ಳಿ