ಸ್ನಾಯುನೋವಿಗೆ ಉಪಕರಣ: ಇಟ್ಟಿಗೆಯಿಂದ ಉಕ್ಕಿನವರೆಗೆ

ಸೈದಾಪುರದಲ್ಲಿ ದಿನವಿಡೀ ಮೂಟೆ ಹೊತ್ತ ಹಮಾಲರ ಬೆನ್ನು ಸಂಜೆಗೆ ಬಿಗಿದುಕೊಂಡಿರುತ್ತದೆ. ಮನೆಯವರು ಎಣ್ಣೆ ಹಚ್ಚಿ ಹೆಬ್ಬೆರಳಿನಿಂದ ತಿಕ್ಕುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ತಿಕ್ಕುವವರ ಬೆರಳು ಸೋಲುತ್ತದೆ. ಬೆರಳಿನ ಬದಲು ಉಪಕರಣ ಬಳಸುವ ಯೋಚನೆ ಎಷ್ಟು ಹಳೆಯದು ಬಲ್ಲಿರಾ?

ಸುಶ್ರುತ ಸಂಹಿತೆಯಲ್ಲಿ ಇಟ್ಟಿಗೆಯಿಂದ ಮೈಯುಜ್ಜುವ 'ಉದ್ಘರ್ಷಣ'ದ ಪ್ರಸ್ತಾಪವಿದೆ. ಅದು ತುರಿಕೆ, ದದ್ದುಗಳಿಗೆ. ಗ್ರೀಕ್ ಮಲ್ಲರು ಮೈಮೇಲಿನ ಎಣ್ಣೆ, ಧೂಳನ್ನು ಬಾಗಿದ ಲೋಹದ ಪಟ್ಟಿಯಿಂದ ಕೆರೆದು ತೆಗೆಯುತ್ತಿದ್ದರು, ಅದು ಶುಚಿಗಾಗಿ. ಚೀನೀಯರ 'ಗ್ವಾ ಶಾ' ಮಾತ್ರ ಚಿಕಿತ್ಸೆಯೇ: ನಯವಾದ ಅಂಚಿನಿಂದ ಚರ್ಮ ಕೆಂಪಾಗುವವರೆಗೆ ಕೆರೆಯುವುದು. ನಮ್ಮ ನಾಡಿನಲ್ಲಿ ಕಲ್ಯಾಣ ಚಾಲುಕ್ಯ ದೊರೆ 3ನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ವು ಎಣ್ಣೆಸ್ನಾನವನ್ನೂ ಮಲ್ಲಯುದ್ಧವನ್ನೂ ವರ್ಣಿಸುತ್ತದೆ.

20ನೆಯ ಶತಮಾನದಲ್ಲಿ ಲಂಡನ್ನಿನ ವೈದ್ಯ ಜೇಮ್ಸ್ ಸಿರಿಯಾಕ್ಸ್ ಸ್ನಾಯುರಜ್ಜುಗಳನ್ನು ಅಡ್ಡಲಾಗಿ ಬೆರಳಿನಿಂದ ಆಳವಾಗಿ ಉಜ್ಜುವ ಕ್ರಮವನ್ನು ಪ್ರಚುರಪಡಿಸಿದರು. 1990ರ ದಶಕದಲ್ಲಿ, ಮೊಣಕಾಲಿಗೆ ಪೆಟ್ಟಾಗಿದ್ದ ಅಮೆರಿಕದ ಡೇವಿಡ್ ಗ್ರಾಸ್ಟನ್ ಇದಕ್ಕೆ ಉಕ್ಕಿನ ಉಪಕರಣಗಳನ್ನು ತಂದರು.

ಇಲ್ಲಿರುವ ಭೌತವಿಜ್ಞಾನ ಸರಳ. 20 ನ್ಯೂಟನ್ ಬಲವು ಹೆಬ್ಬೆರಳಿನ 4 ಚದರ ಸೆಂ.ಮೀ. ಮೇಲೆ ಬಿದ್ದರೆ ಒತ್ತಡ 50 ಕಿಲೋಪಾಸ್ಕಲ್. ಅದೇ ಬಲ 5 ಸೆಂ.ಮೀ. ಉದ್ದ, 1 ಮಿ.ಮೀ. ಅಗಲದ ಅಂಚಿನ ಮೇಲೆ ಬಿದ್ದರೆ 400 ಕಿಲೋಪಾಸ್ಕಲ್. ಒತ್ತಡ ಎಂಟು ಪಟ್ಟಾಯಿತು, ಬಲ ಹೆಚ್ಚಲಿಲ್ಲ. ಆದರೆ ಈ ಹೆಚ್ಚಳ ಚರ್ಮದ ಮೇಲಿನದು. ಆಳಕ್ಕಿಳಿದಂತೆ ಬಲ ಹರಡಿಕೊಂಡು ಒತ್ತಡ ತಗ್ಗುತ್ತದೆ.

'ಒಳಗಿನ ಗಂಟು, ಅಂಟು ಒಡೆಯುತ್ತದೆ' ಎಂಬ ಮಾತನ್ನು ಇದರ ಬೆಳಕಿನಲ್ಲಿ ನೋಡಿ. 1997ರಲ್ಲಿ ಇಲಿಗಳ ಸ್ನಾಯುರಜ್ಜುವಿನ ಮೇಲೆ ನಡೆದ ಪ್ರಯೋಗದಲ್ಲಿ, ಉಪಕರಣದಿಂದ ಉಜ್ಜಿದಾಗ ಅಂಗಾಂಶ ದುರಸ್ತಿ ಮಾಡುವ ಜೀವಕೋಶಗಳು ಹೆಚ್ಚಿದ್ದು ಕಂಡಿತು. ಆದರೆ 2008ರ ಒಂದು ಗಣಿತೀಯ ಅಧ್ಯಯನದ ಪ್ರಕಾರ, ತೊಡೆಯ ಹೊರಬದಿಯ ಗಟ್ಟಿ ಪೊರೆಯನ್ನು ಕೇವಲ ಶೇ. 1ರಷ್ಟು ಒತ್ತಿ ಜರುಗಿಸಲೂ ಮನುಷ್ಯನ ಕೈಗೆ ಮೀರಿದ ಬಲ ಬೇಕು. 2016ರ ಒಂದು ವಿಮರ್ಶೆಯೂ ಕೀಲುಗಳ ಚಲನೆಯಲ್ಲಿ ಅಲ್ಪಕಾಲದ ಸುಧಾರಣೆಯನ್ನಷ್ಟೇ ಗುರುತಿಸಿತು. ಹಾಗಾದರೆ ಹಾಯೆನಿಸುವುದು ಸುಳ್ಳೆ? ಅಲ್ಲ. ನರಗಳ ಸಂವೇದನೆ ಬದಲಾಗುವುದು, ಚರ್ಮದ ರಕ್ತಸಂಚಾರ ಹೆಚ್ಚುವುದು ಅದಕ್ಕೆ ಕಾರಣವಿರಬಹುದು.

ಆದ್ದರಿಂದ 'ಜೋರಾಗಿ ಕೆರೆದಷ್ಟೂ ಗುಣ' ಎಂಬ ನಂಬಿಕೆ ಅಪಾಯಕಾರಿ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರು, ರಕ್ತನಾಳದಲ್ಲಿ ಹೆಪ್ಪುಗಟ್ಟಿರುವವರು, ಸಕ್ಕರೆ ಕಾಯಿಲೆಯಿಂದ ಸ್ಪರ್ಶಜ್ಞಾನ ಕುಂದಿರುವವರು ವೈದ್ಯರನ್ನು ಕೇಳದೆ ಇದಕ್ಕೆ ಮೈಯೊಡ್ಡಬಾರದು.

ಶಿಕ್ಷಕರೇ, ತರಗತಿಯಲ್ಲಿ ಜೇಡಿಮಣ್ಣಿನ ಮುದ್ದೆಯನ್ನು ಹೆಬ್ಬೆರಳಿನಿಂದಲೂ ನಾಣ್ಯದ ಅಂಚಿನಿಂದಲೂ ಒತ್ತಿಸಿ ನೋಡಿ. ಗುರುತು ಎಷ್ಟು ಚೂಪಾಗಿದೆ, ಎಷ್ಟು ಆಳಕ್ಕಿಳಿದಿದೆ ಎಂಬ ಎರಡು ಪ್ರಶ್ನೆಗಳನ್ನು ಮಕ್ಕಳು ಬೇರೆಬೇರೆಯಾಗಿ ಕೇಳಲು ಕಲಿತರೆ ಪಾಠ ಸಾರ್ಥಕ.