ತೇನಿಯ ಮತಪೆಟ್ಟಿಗೆ, ಬಾಯ್ಸ್ ಕಂಪನಿಯ ಹುಡುಗರು

1962ರ ಮದ್ರಾಸ್ ವಿಧಾನಸಭಾ ಚುನಾವಣೆಯಲ್ಲಿ ಡಿಎಂಕೆ ನಾಯಕ ಅಣ್ಣಾದೊರೈ ತಮ್ಮ ಊರಾದ ಕಾಂಚೀಪುರದಲ್ಲೇ ಸೋತರು. ಅದೇ ಚುನಾವಣೆಯಲ್ಲಿ ಪಶ್ಚಿಮ ಘಟ್ಟದ ಬುಡದ ತೇನಿ, ಅವರ ಪಕ್ಷದ ಸಿನಿಮಾ ನಟನೊಬ್ಬನನ್ನು ಗೆಲ್ಲಿಸಿ ಕಳಿಸಿತು. ಆತ ‘ಪರಾಶಕ್ತಿ’ ಚಿತ್ರದ ಎಸ್.ಎಸ್. ರಾಜೇಂದ್ರನ್. ದೇಶದಲ್ಲಿ ಶಾಸಕನಾದ ಮೊದಲ ಚಿತ್ರನಟ ಎಂದು ಅವರನ್ನು ಹೇಳುವುದು ವಾಡಿಕೆ. ಮದುರೆ ಸೀಮೆಯ ಸೇಡಪಟ್ಟಿಯಲ್ಲಿ 1928ರಲ್ಲಿ ಹುಟ್ಟಿದ ರಾಜೇಂದ್ರನ್ ಮೊದಲು ಬಣ್ಣ ಹಚ್ಚಿದ್ದು ಸಿನಿಮಾಕ್ಕಾಗಿ ಅಲ್ಲ. ಚಿಕ್ಕಂದಿನಲ್ಲೇ ಅವರು ಬಾಯ್ಸ್ ಕಂಪನಿ, ಅಂದರೆ ಹುಡುಗರೇ ನಟಿಸುವ ನಾಟಕ ಕಂಪನಿ, ಸೇರಿದ್ದರು.

ಮೂಕಿ ಚಿತ್ರಗಳ ಕಾಲದ ಬಾಲತಾರೆ ಎಂದರೆ ಮೊದಲು ನೆನಪಾಗುವವಳು ಮಂದಾಕಿನಿ ಫಾಳ್ಕೆ. ಅಪ್ಪ ದಾದಾಸಾಹೇಬರ ‘ಕಾಲಿಯಾ ಮರ್ದನ’ದಲ್ಲಿ (1919) ಆಕೆಯೇ ಬಾಲಕೃಷ್ಣ. ಕಥೆ ಶುರುವಾಗುವ ಮೊದಲು ಆ ಪುಟ್ಟ ಹುಡುಗಿ ಕ್ಯಾಮೆರಾ ಎದುರು ಒಂದೊಂದೇ ಭಾವವನ್ನು ಮುಖದಲ್ಲಿ ತಂದು ತೋರಿಸುತ್ತಾಳೆ. ಪರದೆಗೆ ಬೇಕಾಗಿದ್ದದ್ದು ಮುಖ. ತಮಿಳು ಸೀಮೆಯಲ್ಲಿ ಅದೇ ಹೊತ್ತಿಗೆ ಹೆಸರು ಮಾಡುತ್ತಿದ್ದ ಮಕ್ಕಳ ಬಂಡವಾಳ ಕಂಠ. ಹಾಗಾಗಿ ಅವರು ಪರದೆಯ ಮೇಲಿರಲಿಲ್ಲ, ರಂಗದ ಮೇಲಿದ್ದರು.

ಇಂಥ ಬಾಯ್ಸ್ ಕಂಪನಿಗಳಿಗೆ ಮದುರೆಯೇ ತವರು. ನಾಟಕಕಾರ ಶಂಕರದಾಸ ಸ್ವಾಮಿಗಳು 1918ರಲ್ಲಿ ಅಲ್ಲಿ ‘ತತ್ವ ಮೀನಲೋಚನಿ ವಿದ್ವ ಬಾಲ ಸಭಾ’ ಕಟ್ಟಿದರು. ಆಗ ಸೇರಿದ ನಟ ಟಿ.ಕೆ. ಷಣ್ಮುಖಂಗೆ ಆರು ವರ್ಷ. ದೊಡ್ಡವರು ಪಾತ್ರ ಮಾಡಿದರೆ ಸಂಬಳ, ಜಗಳ, ಶಿಸ್ತಿನ ತಲೆನೋವು. ಹುಡುಗರಾದರೆ ಹೇಳಿದ ಹಾಗೆ ಕೇಳುತ್ತಾರೆ ಎಂಬ ವ್ಯವಹಾರದ ಲೆಕ್ಕವೂ ಇದರೊಳಗಿತ್ತು. ಊಟ, ವಸತಿ, ಪಾಠ, ಏಟು ಎಲ್ಲವೂ ಕಂಪನಿಯದೇ. ವಾದ್ಯಾರ್ (ಮೇಷ್ಟ್ರು) ಹೇಳಿಕೊಟ್ಟ ಹಾಡು, ಮಾತು ಕಂಠಪಾಠವಾಗಬೇಕು. ರಾಜಾ ಪಾರ್ಟು, ಸ್ತ್ರೀ ಪಾರ್ಟು ಎರಡೂ ಹುಡುಗರ ಪಾಲಿಗೇ. ಮೀಸೆ ಮೂಡುವ ವಯಸ್ಸಿಗೆ ದನಿ ಒಡೆದರೆ ನಿನ್ನೆಯ ನಾಯಕ ಇಂದು ಮೂಲೆಗೆ. ಹಾಲಿವುಡ್‌ನಲ್ಲಿ ಚಾಪ್ಲಿನ್ ಜೊತೆ ‘ದ ಕಿಡ್’ನಲ್ಲಿ (1921) ನಟಿಸಿದ ಜಾಕಿ ಕೂಗನ್, ದೊಡ್ಡವನಾದ ಮೇಲೆ ತನ್ನ ಗಳಿಕೆಗಾಗಿ ಹೆತ್ತವಳ ಮೇಲೆಯೇ ದಾವೆ ಹೂಡಿ, 1939ರಲ್ಲಿ ಬಾಲನಟರ ಹಣ ಕಾಯುವ ಕಾನೂನೊಂದು ಬರಲು ಕಾರಣನಾದ. ಮದುರೆಯ ಹುಡುಗರಿಗೆ ದಾವೆ ಹೂಡುವಷ್ಟು ಗಳಿಕೆಯಾದರೂ ಎಲ್ಲಿತ್ತು?

ಹೊಟ್ಟೆಪಾಡೇ ಬಹುತೇಕರನ್ನು ಅಲ್ಲಿಗೆ ತಂದಿದ್ದು. ಸಿಲೋನಿನಲ್ಲಿ 1917ರಲ್ಲಿ ಹುಟ್ಟಿದ ಎಂ.ಜಿ. ರಾಮಚಂದ್ರನ್ ಅಪ್ಪನನ್ನು ಕಳೆದುಕೊಂಡರು. ತಾಯಿ ಸತ್ಯಭಾಮಾ ಮಕ್ಕಳೊಂದಿಗೆ ಕುಂಭಕೋಣಕ್ಕೆ ಬಂದರು. ಬಡತನ ತಡೆಯಲಾಗದೆ ಅಣ್ಣ ಚಕ್ರಪಾಣಿ, ತಮ್ಮ ರಾಮಚಂದ್ರನ್ ಇಬ್ಬರೂ ‘ಮದುರೆ ಒರಿಜಿನಲ್ ಬಾಯ್ಸ್ ಕಂಪನಿ’ಗೆ ಸೇರಿದರು. ಅಲ್ಲಿ ಕಾಳಿ ಎನ್. ರತ್ನಂ ಮಕ್ಕಳನ್ನು ತಿದ್ದುತ್ತಿದ್ದರು; ಹಾಡಿನಲ್ಲಿ ಮಿಂಚುತ್ತಿದ್ದವನು ಪಿ.ಯು. ಚಿನ್ನಪ್ಪ.

1931ರಲ್ಲಿ ‘ಕಾಳಿದಾಸ್’ ಬಂದು ತಮಿಳು ಪರದೆ ಮಾತಾಡತೊಡಗಿತು. ಹಾಡಬಲ್ಲ, ಮಾತು ತಡವರಿಸದ ನಟರಿಗೆ ಒಮ್ಮೆಲೇ ಬೇಡಿಕೆ. ಕಂಪನಿ ಹುಡುಗರು ಗುಂಪುಗುಂಪಾಗಿ ಸ್ಟುಡಿಯೋ ಹತ್ತಿದರು. 1936ರ ‘ಸತಿ ಲೀಲಾವತಿ’ಯಲ್ಲಿ ಎಂಜಿಆರ್‌ಗೆ ಸಿಕ್ಕಿದ್ದು ಪೊಲೀಸ್ ಇನ್‌ಸ್ಪೆಕ್ಟರನ ಸಣ್ಣ ಪಾತ್ರ. ಚಿನ್ನಪ್ಪ ಬೇಗ ನಾಯಕನಾದ, ಬೇಗ ತೀರಿಕೊಂಡ. 1951ರಲ್ಲಿ ಇನ್ನೂ ನಲವತ್ತೂ ತುಂಬಿರಲಿಲ್ಲ. ಎಂಜಿಆರ್ ಕಾದರು. ಮುಂದೆ ಅಭಿಮಾನಿಗಳು ಅವರನ್ನು ಕರೆದದ್ದು ‘ವಾದ್ಯಾರ್’ ಎಂದೇ.

ರಾಜಕೀಯಕ್ಕೆ ಬಂದಾಗ ಈ ಹುಡುಗರ ಕೈಹಿಡಿದದ್ದು ಮತ್ತೆ ಈ ಮದುರೆ-ತೇನಿ ಸೀಮೆಯೇ. ಎಂಜಿಆರ್ 1972ರ ಅಕ್ಟೋಬರ್‌ನಲ್ಲಿ ಅಣ್ಣಾ ಡಿಎಂಕೆ ಕಟ್ಟಿದರು. ಮರುವರ್ಷ ಮೇ ತಿಂಗಳಲ್ಲಿ ದಿಂಡಿಗಲ್ ಲೋಕಸಭಾ ಉಪಚುನಾವಣೆ. ಅವರ ಅಭ್ಯರ್ಥಿ ಮಾಯಾ ತೇವರ್, ಚಿಹ್ನೆ ಎರಡು ಎಲೆ. ಪಕ್ಷದ ಮೊದಲ ಗೆಲುವು ಅಲ್ಲೇ ಬಂತು, ಆಳುವ ಡಿಎಂಕೆ ಮೂರನೇ ಸ್ಥಾನಕ್ಕೆ ಇಳಿಯಿತು. 1980ರಲ್ಲಿ ರಾಜೇಂದ್ರನ್ ಇದೇ ಹೊಸ ಪಕ್ಷದಿಂದ ಆಂಡಿಪಟ್ಟಿಯಲ್ಲಿ ಗೆದ್ದರು. 1984ರಲ್ಲಿ ಅದೇ ಆಂಡಿಪಟ್ಟಿಗೆ ಎಂಜಿಆರ್ ಅಭ್ಯರ್ಥಿ. ಆದರೆ ಅವರು ಮಲಗಿದ್ದದ್ದು ಅಮೆರಿಕದ ಬ್ರೂಕ್ಲಿನ್ ಆಸ್ಪತ್ರೆಯಲ್ಲಿ. ಅವರು ಊಟ ಮಾಡುವ, ಪತ್ರಿಕೆ ಓದುವ ವಿಡಿಯೋವನ್ನು ತಮಿಳುನಾಡಿನುದ್ದಕ್ಕೂ ತೋರಿಸಲಾಯಿತು. ಕ್ಷೇತ್ರಕ್ಕೆ ಒಮ್ಮೆಯೂ ಬಾರದೆ ಗೆದ್ದರು. ಮಾತನ್ನೇ ನಂಬಿ ಬೆಳೆದ ನಟನ ಕೊನೆಯ ಚುನಾವಣೆ ಮೂಕಿ ಚಿತ್ರದಂತೆ ನಡೆಯಿತು.

ಇದೇ ತೇನಿ ಸೀಮೆಯ ಕಂಬಂ ಕಣಿವೆಯಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ಕಾಪಿಲಿಯರ್ ಸಮುದಾಯವೂ ಇದೆ. ಆದ್ದರಿಂದ ಒಂದು ಕನ್ನಡದ ಕೊಂಡಿ ಹೇಳಲೇಬೇಕು. ಮೇಲುಕೋಟೆಯಲ್ಲಿ ಹುಟ್ಟಿ, 1961ರ ಕನ್ನಡ ಚಿತ್ರ ‘ಶ್ರೀಶೈಲ ಮಹಾತ್ಮೆ’ಯಲ್ಲಿ ಬಾಲನಟಿಯಾಗಿ ಕಾಣಿಸಿಕೊಂಡ, ಮುಂದೆ ಎಂಜಿಆರ್ ಪಕ್ಷದ ನಾಯಕಿಯಾದ ಜಯಲಲಿತಾ 2002ರ ಉಪಚುನಾವಣೆಯಲ್ಲಿ ಆಂಡಿಪಟ್ಟಿಯಿಂದಲೇ ಗೆದ್ದು ಮತ್ತೆ ಮುಖ್ಯಮಂತ್ರಿಯಾದರು. 2006ರಲ್ಲಿ ಅವರ ಪಕ್ಷ ಅಧಿಕಾರ ಕಳೆದುಕೊಂಡಿತು, ಆಂಡಿಪಟ್ಟಿ ಮಾತ್ರ ಅವರನ್ನು ಬಿಡಲಿಲ್ಲ.